ತೊಗರಿ ಕಟ್ಟಿಗೆಯ ಯೋಚನೆ ಹೊತ್ತು ಪರದೇಶದ ಸಮ್ಮೇಳನಕ್ಕೆ ಹೋಗಬೇಕೇ?

ಪ್ರಶ್ನೆ: ನಮಸ್ಕಾರ. ನಾನು ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನ ಪದವಿ ಕಾಲೇಜೊಂದರಲ್ಲಿ ಉಪನ್ಯಾಸಕಿ. ನಮ್ಮ ಭಾಗದ ರೈತ ಉತ್ಪಾದಕ ಕಂಪನಿಯಲ್ಲಿ 320 ಸದಸ್ಯರಿದ್ದಾರೆ. ರಾಶಿ ಮುಗಿದ ಮೇಲೆ ಉಳಿಯುವ ತೊಗರಿ ಕಟ್ಟಿಗೆಯಿಂದ ಬಯೋಚಾರ್, ಅಂದರೆ ಮಣ್ಣಿಗೆ ಹಾಕುವ ಇದ್ದಿಲು ಮಾಡಿ, ಎರಡು ವರ್ಷದಲ್ಲಿ ಎಲ್ಲ ಸದಸ್ಯರ ಜಮೀನಿನ ಮಣ್ಣು ಸುಧಾರಿಸುವ ಯೋಚನೆಯನ್ನು ನಾಲ್ಕು ಪುಟ ಬರೆದು, ಆಗ್ನೇಯ ಏಷ್ಯಾದಲ್ಲಿ ನಡೆಯುವ ಸುಸ್ಥಿರ ಅಭಿವೃದ್ಧಿಯ ಅಂತರರಾಷ್ಟ್ರೀಯ ಸಮ್ಮೇಳನವೊಂದಕ್ಕೆ ಕಳಿಸಿದ್ದೆವು. ಆರನೇ ದಿನಕ್ಕೇ 'ಆಯ್ಕೆಯಾಗಿದೆ' ಎಂದು ಇಮೇಲ್ ಬಂತು. ಶುಲ್ಕ 450 ಡಾಲರ್. ದಾನಿಗಳ ಜೊತೆ ಕೂರಿಸಿ ಯೋಚನೆಯನ್ನು ಯೋಜನೆ ಮಾಡಿಸುತ್ತಾರಂತೆ. ನಮ್ಮ ಪ್ರಾಂಶುಪಾಲರು, 'ಅದರ ಬದಲು ಅಂತರರಾಷ್ಟ್ರೀಯ ಸಮ್ಮೇಳನವನ್ನು ನಾವೇ ಇಲ್ಲಿ ಮಾಡೋಣ, ವಿದೇಶದ ಹಣ ಟ್ರಸ್ಟ್ ಖಾತೆಗೆ ತರಿಸೋಣ' ಅನ್ನುತ್ತಾರೆ. ಹಿಂದೆ ಮಾಡಿದ ಸಮ್ಮೇಳನಗಳಿಂದ ಶಾಲು, ಗುಂಪು ಫೋಟೊ, ಒಂದು ಒಡಂಬಡಿಕೆ ಪತ್ರ ಬಿಟ್ಟು ಏನೂ ಉಳಿದಿಲ್ಲ. ಹೋಗೋದು ಬೇಕೋ ಬ್ಯಾಡೋ, ಹೇಳ್ರಿ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಆ ಸಮ್ಮೇಳನ ಸಾಚಾವೋ ಅಲ್ಲವೋ. ಸಾಚಾ ಆದರೂ ಅಲ್ಲಿ ಹಣ ಹುಟ್ಟುತ್ತದೆಯೋ ಇಲ್ಲವೋ. ಹುಟ್ಟಿದರೆ ಅದು ಆಳಂದದವರೆಗೆ ಯಾವ ದಾರಿಯಲ್ಲಿ ಬರಬೇಕು. ನೀವು ಕೇಳದೇ ಬಿಟ್ಟ ನಾಲ್ಕನೆಯದೊಂದಿದೆ: ಆ ನಾಲ್ಕು ಪುಟ ಹೊರಗೆ ಒಯ್ಯುವಷ್ಟು ಮಾಗಿದೆಯೇ? ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಪ್ರಸ್ತಾವನೆ ಓದುವವರು ಮೊದಲು ಬೆರಳಿಡುವುದೂ ಅಲ್ಲೇ.

ಮೊದಲು ಕಟ್ಟಿಗೆಯ ಲೆಕ್ಕ

ಮಳೆ ನಂಬಿದ ಹೊಲದಲ್ಲಿ ಎಕರೆಗೆ 5 ಕ್ವಿಂಟಲ್ ತೊಗರಿ ಬಂತೆಂದು ಇಟ್ಟುಕೊಳ್ಳಿ. ಒಣಗಿದ ಕಟ್ಟಿಗೆ ಕಾಳಿನ ಎರಡು-ಮೂರು ಪಟ್ಟು ತೂಗುತ್ತದೆ, ಅಂದರೆ 10ರಿಂದ 15 ಕ್ವಿಂಟಲ್. ಗುಂಡಿ ತೋಡಿ ಸುಟ್ಟರೆ ಅದರಲ್ಲಿ ಐದನೇ ಒಂದು ಪಾಲು, ಬಹಳವಾದರೆ ನಾಲ್ಕನೇ ಒಂದು ಪಾಲು ಇದ್ದಿಲಾಗಿ ಉಳಿಯುತ್ತದೆ. ಎಕರೆಗೆ 2ರಿಂದ 3 ಕ್ವಿಂಟಲ್ ಚಿಲ್ಲರೆ ಸಿಕ್ಕಿತು. ಬಯೋಚಾರ್ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಮಣ್ಣಿಗೆ ಹಾಕುವುದು ಹೆಕ್ಟೇರಿಗೆ 5ರಿಂದ 10 ಟನ್, ಎಕರೆ ಲೆಕ್ಕದಲ್ಲಿ 20ರಿಂದ 40 ಕ್ವಿಂಟಲ್. ಕಡಿಮೆ ಪ್ರಮಾಣವನ್ನೇ ಹಿಡಿದರೂ ಒಂದು ಎಕರೆಯ ಪೂರಾ ಕಟ್ಟಿಗೆ ಸುಟ್ಟರೆ ನಾಲ್ಕರಿಂದ ಆರು ಗುಂಟೆಗೆ ಸಾಲುವಷ್ಟು ಇದ್ದಿಲು ಬರುತ್ತದೆ. ಆ ಎಕರೆ ಪೂರ್ತಿ ಮುಗಿಸಲು ಏಳರಿಂದ ಹತ್ತು ವರ್ಷದ ಕಟ್ಟಿಗೆ ಬೇಕು. ನೀವು ಬರೆದಿರುವುದು ಎರಡು ವರ್ಷ, 320 ಸದಸ್ಯರು.

ಎರಡನೆಯ ತೊಡಕು ಮಣ್ಣಿನದು. ಬಯೋಚಾರ್‌ನಿಂದ ಇಳುವರಿ ಚೆನ್ನಾಗಿ ಏರಿದ ವರದಿಗಳಲ್ಲಿ ಬಹುಪಾಲು ಹುಳಿ ಮಣ್ಣಿನ, ಮಳೆ ಹೆಚ್ಚಿರುವ ಉಷ್ಣವಲಯದ ದೇಶಗಳವು. ಇದ್ದಿಲು ತಾನೇ ಕ್ಷಾರದ ವಸ್ತು. ಹುಳಿ ಮಣ್ಣಿಗೆ ಬಿದ್ದರೆ ಸುಣ್ಣ ಹಾಕಿದ ಕೆಲಸ ಮಾಡುತ್ತದೆ, ಅಲ್ಲಿನ ಲಾಭದ ದೊಡ್ಡ ಭಾಗ ಅದರಿಂದಲೇ. ನಿಮ್ಮ ಎರೆ ಹೊಲದ ರಸಸಾರ (ಪಿಎಚ್) ಸಾಮಾನ್ಯವಾಗಿ 8ರ ಮೇಲೆ, ಸುಣ್ಣದ ಹರಳು ಕಣ್ಣಿಗೇ ಕಾಣುವ ಮಣ್ಣು. ಅಂಥ ಕಡೆ ಆ ಲಾಭ ಸಿಗುವುದಿಲ್ಲ. ನೀರು ಹಿಡಿಯುವುದರಲ್ಲಿ, ಸಾವಯವ ಇಂಗಾಲ ಉಳಿಸುವುದರಲ್ಲಿ ಒಂದಿಷ್ಟು ಅನುಕೂಲ ಆಗಬಹುದು. ಆದರೆ ಅದನ್ನು ನಿಮ್ಮ ಮಣ್ಣಿನಲ್ಲೇ ಅಳೆದು ತೋರಿಸಬೇಕು. ಸಮ್ಮೇಳನಗಳಲ್ಲಿ ನಡೆಯುವ ಅತಿ ಸಾಮಾನ್ಯ ಎಡವಟ್ಟು ಇದೇ ಜಾತಿಯದು. ಒಂದು ಮಣ್ಣಿನಲ್ಲಿ ಗೆದ್ದದ್ದನ್ನು ಚಿತ್ರಪಟದಲ್ಲಿ ನೋಡಿ, ಇನ್ನೊಂದು ಮಣ್ಣಿಗೆ ಹಾಗೇ ತಂದು ಹಾಕುವುದು.

ಮೂರನೆಯದು 'ತ್ಯಾಜ್ಯ' ಎಂಬ ಪದ. ಪೇಟೆಯಲ್ಲಿ ಕೂತು ಬರೆಯುವಾಗ ತೊಗರಿ ಕಟ್ಟಿಗೆ ತ್ಯಾಜ್ಯ. ಊರಲ್ಲಿ ಅದು ಬಚ್ಚಲ ಒಲೆಯ ಉರುವಲು, ಹಿತ್ತಲ ಬೇಲಿ, ದನದ ಕೊಟ್ಟಿಗೆಯ ತಡಿಕೆ. ಜಮೀನಿಲ್ಲದ ಮನೆಯ ಹೆಣ್ಣುಮಕ್ಕಳು ರಾಶಿ ಆದ ಹೊಲದಿಂದ ಕಟಗಿ ಹೊರೆ ಕಟ್ಟಿ ತರುವ ರೂಢಿ ಇರುವಲ್ಲಿ, ಕಂಪನಿಯೇ ಬಂದು ಎಲ್ಲವನ್ನೂ ಎತ್ತಿಕೊಂಡರೆ ಮೊದಲ ವಿರೋಧ ಅಲ್ಲಿಂದ ಬರುತ್ತದೆ. ಎಷ್ಟು ಪಾಲು ಒಲೆಗೆ ಹೋಗುತ್ತದೆ, ಎಷ್ಟು ಹೊಲದಲ್ಲೇ ಸುಡುತ್ತಾರೆ ಎಂದು 30 ಮನೆ ತಿರುಗಿ ಬರೆದುಕೊಳ್ಳಿ. ಎರಡು ದಿನದ ಕೆಲಸ.

ಹಾಗಂತ ಯೋಚನೆಯನ್ನೇ ಕೈಬಿಡಿ ಎನ್ನುತ್ತಿಲ್ಲ. ಅಳತೆ ಚಿಕ್ಕದು ಮಾಡಿ. 10 ರೈತರು, ಪ್ರತಿಯೊಬ್ಬರ ಹೊಲದಲ್ಲಿ 4 ಗುಂಟೆಗೆ ಇದ್ದಿಲು, ಪಕ್ಕದ 4 ಗುಂಟೆಗೆ ಏನೂ ಇಲ್ಲ. ಉಳಿದ ಗೊಬ್ಬರ, ಬೀಜ, ಎಡೆ ಹೊಡೆಯುವುದು ಎರಡಕ್ಕೂ ಒಂದೇ. 4 ಗುಂಟೆಗೆ 2 ಕ್ವಿಂಟಲ್ ಇದ್ದಿಲು ಬೇಕು, ಅದಕ್ಕೆ ಅದೇ ರೈತನ ಒಂದು ಎಕರೆಯ ಕಟ್ಟಿಗೆ ಸಾಕು, ಹೊರಗಿನಿಂದ ಸಾಗಿಸುವ ಪ್ರಮೇಯವಿಲ್ಲ. ಹೊಸ ಇದ್ದಿಲನ್ನು ಹಾಗೇ ನೇರ ಮಣ್ಣಿಗೆ ಸೇರಿಸಬೇಡಿ. ಮೊದಲ ಹಂಗಾಮಿನಲ್ಲಿ ಅದು ಸಾರಜನಕವನ್ನು ತಾನೇ ಹಿಡಿದಿಟ್ಟುಕೊಂಡು ಬೆಳೆ ಹಳದಿ ತಿರುಗುವುದುಂಟು. ಪುಡಿ ಮಾಡಿ, ಸಗಣಿ ಬಗ್ಗಡದಲ್ಲಿ ಕಲಸಿ ಇಲ್ಲವೇ ತಿಪ್ಪೆ ಗೊಬ್ಬರದಲ್ಲಿ ಬೆರೆಸಿ ಎರಡು ಮೂರು ವಾರ ಬಿಟ್ಟು ಆಮೇಲೆ ಹರಡಿ. ಸುಡುವ ಗುಂಡಿ ಮೇಲೆ ಅಗಲ, ತಳ ಕಿರಿದು ಇರಲಿ. ಕಟ್ಟಿಗೆಯನ್ನು ತೆಳುವಾಗಿ ಪದರ ಪದರ ಹಾಕುತ್ತ, ಮೇಲೆ ಬಿಳಿ ಬೂದಿ ಕಾಣಿಸಿಕೊಂಡ ಕೂಡಲೇ ಮುಂದಿನ ಪದರ ಹಾಕಬೇಕು. ಕೊನೆಗೆ ಬೂದಿಯಾಗುವ ಮೊದಲೇ ನೀರು ಸುರಿದು ಆರಿಸಬೇಕು. ಇಲ್ಲೇ ಬಹಳ ಮಂದಿ ಸೋಲುತ್ತಾರೆ, ಏಕೆಂದರೆ ಡ್ರಮ್ ಗಟ್ಟಲೆ ನೀರು ಬೇಕಾಗುವುದು ಫೆಬ್ರುವರಿ-ಮಾರ್ಚ್‌ನಲ್ಲಿ, ಊರಿಗೆ ಟ್ಯಾಂಕರ್ ಬರುವ ಕಾಲಕ್ಕೆ. ನೀರಿಲ್ಲದ ಕಡೆ ಮಣ್ಣು ಮುಚ್ಚಿ ಗಾಳಿ ಕಟ್ಟಬಹುದು, ಆದರೆ ಎರಡು ದಿನ ಬಿಟ್ಟು ತೆಗೆದರೂ ಒಳಗೆ ಕೆಂಡ ಇರುತ್ತದೆ. ಮಕ್ಕಳನ್ನು ದೂರ ಇಡಿ.

ಅಳೆಯುವುದು ಹೇಗೆ? ಎಕರೆಗೆ 5 ಕ್ವಿಂಟಲ್ ಬರುವ ಹೊಲದಲ್ಲಿ 4 ಗುಂಟೆಗೆ ಸುಮಾರು 50 ಕೆಜಿ ಕಾಳು. ಒಬ್ಬ ರೈತನ ಹೊಲದಲ್ಲಿ 5 ಕೆಜಿ ಹೆಚ್ಚು ಬಂದರೆ ಅದಕ್ಕೆ ಅರ್ಥವಿಲ್ಲ, ಬದು ಪಕ್ಕದ ತೇವಕ್ಕೂ ಅಷ್ಟು ಬರುತ್ತದೆ. ಹತ್ತರಲ್ಲಿ ಎಂಟು ಹೊಲಗಳಲ್ಲಿ, ಎರಡು ಮುಂಗಾರು ಸತತವಾಗಿ ಬಂದರೆ ಮಾತಾಡಬಹುದು. ಮೊದಲೊಮ್ಮೆ ಕೊನೆಗೊಮ್ಮೆ 20 ತುಂಡುಗಳ ಮಣ್ಣು ಪರೀಕ್ಷೆ ಮಾಡಿಸಿ. ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರ ಮತ್ತು ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ನಿಮ್ಮ ಜಿಲ್ಲೆಯಲ್ಲೇ ಇವೆ. ಪ್ರಯೋಗದ ವಿನ್ಯಾಸಕ್ಕೆ ಅಲ್ಲಿನ ವಿಜ್ಞಾನಿಯೊಬ್ಬರ ಸಹಿ ಬಿದ್ದರೆ ಆ ಹಾಳೆಗೆ ತೂಕ ಬರುತ್ತದೆ.

ಕಟ್ಟಿಗೆಯನ್ನು ಯಂತ್ರದಲ್ಲಿ ಕತ್ತರಿಸಿ ಹೊಲಕ್ಕೇ ಹೊದಿಕೆ ಮಾಡುವುದು ಇನ್ನೊಂದು ದಾರಿ. ಅದರಲ್ಲಿ ಹೊಗೆ ಇಲ್ಲ, ನೀರು ಬೇಡ. ಆದರೆ ಗಿಡವನ್ನೇ ಒಣಗಿಸುವ ನೆಟೆ ರೋಗ ಇದ್ದ ಹೊಲದ ಕಟ್ಟಿಗೆಯನ್ನು ಮರಳಿ ತೊಗರಿ ಹೊಲಕ್ಕೆ ಹಾಕಬಾರದು. ಆ ಶಿಲೀಂಧ್ರ ಬೆಳೆಯ ಅವಶೇಷದಲ್ಲಿ ಮೂರು ವರ್ಷದವರೆಗೂ ಬದುಕಿರುತ್ತದೆ. ಇದನ್ನು ಪ್ರಸ್ತಾವನೆಯಲ್ಲಿ ನೀವಾಗೇ ಬರೆದರೆ ಓದುವವರಿಗೆ ನಂಬಿಕೆ ಬರುತ್ತದೆ. ಅಪಾಯದ ಸಾಲು ಖಾಲಿ ಬಿಟ್ಟ ಪ್ರಸ್ತಾವನೆಯನ್ನು ಯಾರೂ ನಂಬುವುದಿಲ್ಲ.

ಸಮ್ಮೇಳನದಲ್ಲಿ ಹಣ ಹುಟ್ಟುತ್ತದೆಯೇ?

ಬಹುಮಟ್ಟಿಗೆ ಇಲ್ಲ. ದಾನಿ ಸಂಸ್ಥೆಯಿಂದ ಬಂದು ವೇದಿಕೆಯಲ್ಲಿ ಕೂತ ಅಧಿಕಾರಿಗೆ ಅಲ್ಲೇ ಹಣ ಮಂಜೂರು ಮಾಡುವ ಅಧಿಕಾರ ಇರುವುದು ಅಪರೂಪ. ಅವರು ಕೊಡಬಲ್ಲದ್ದು ಒಂದು ಹೆಸರು, ಅರ್ಜಿಯ ಮುಂದಿನ ತಾರೀಖು, 'ಇದನ್ನು ಹೀಗೆ ತಿದ್ದಿ ಕಳಿಸಿ' ಎಂಬ ಒಂದು ಮಾತು. ಇದು ಸಣ್ಣದಲ್ಲ, ಆದರೆ ಇದು ಹಣವೂ ಅಲ್ಲ.

ದೊಡ್ಡ ಮಟ್ಟದಲ್ಲೂ ಇದೇ ಕಥೆ. 2002ರ ಜೋಹಾನ್ಸ್‌ಬರ್ಗ್ ಶೃಂಗಸಭೆಯಲ್ಲಿ ಸರ್ಕಾರ, ಕಂಪನಿ, ಸ್ವಯಂಸೇವಾ ಸಂಸ್ಥೆಗಳು ಕೂಡಿ 200ಕ್ಕೂ ಹೆಚ್ಚು ಪಾಲುದಾರಿಕೆಗಳನ್ನು ಘೋಷಿಸಿದವು. ಆಮೇಲೆ ಸಂಶೋಧಕರು ಅವುಗಳ ಬೆನ್ನು ಹತ್ತಿದಾಗ ಗಣನೀಯ ಪಾಲಿನವು ಕೆಲಸವನ್ನೇ ಮಾಡುತ್ತಿರಲಿಲ್ಲ, ಇಲ್ಲವೇ ಅಳೆದು ತೋರಿಸುವಂಥದ್ದು ಅವುಗಳ ಬಳಿ ಇರಲಿಲ್ಲ. ಇಂಥ ಪಾಲುದಾರಿಕೆ ಸಾಯುವ ಕಾರಣಗಳು ಎಲ್ಲೆಡೆ ಅವೇ: ಹೊಣೆ ಹೊತ್ತ ಒಬ್ಬ ವ್ಯಕ್ತಿ ಇಲ್ಲ, ಎತ್ತಿಟ್ಟ ಹಣ ಇಲ್ಲ, ಇಷ್ಟು ದಿನದಲ್ಲಿ ಇಷ್ಟು ಎಂಬ ಗುರಿ ಇಲ್ಲ. ಬದುಕುಳಿದ ಉದಾಹರಣೆಗಳೂ ಇವೆ. 1990ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ 200ಕ್ಕೂ ಹೆಚ್ಚು ಸ್ಥಳೀಯ ಸರ್ಕಾರಗಳು ಸೇರಿದ ಸಮ್ಮೇಳನದಿಂದ ಇಕ್ಲೇ ಎಂಬ ಜಾಲ ಹುಟ್ಟಿತು. ಅಲ್ಲಿಗೆ ಬಂದವರು ತಮ್ಮ ನಗರಗಳನ್ನೇ ಸದಸ್ಯರನ್ನಾಗಿ ಮಾಡಿ ಹೋದರು, ಕಾಯಂ ಕಚೇರಿ ಕಟ್ಟಿದರು. ಅದು ಇವತ್ತಿಗೂ ನಡೆಯುತ್ತಿದೆ.

ಪರದೇಶದವರಿಂದ ಕಲಿಯುವುದು ಏನಿರುತ್ತದೆ ಎಂಬುದಕ್ಕೆ ನಿಮ್ಮ ನೆರೆಯ ಬೀದರ್ ಒಳ್ಳೆಯ ಪಾಠ. ಅಲ್ಲಿನ ನೌಬಾದ್ ಕರೇಜ್, ಊರವರ ಬಾಯಲ್ಲಿ ಸುರಂಗ ಬಾವಿ, ಬಹಮನಿ ಕಾಲದಲ್ಲಿ ಇರಾನಿನ ಕನಾತ್, ಅಂದರೆ ನೆಲದಡಿಯ ಸುರಂಗದಲ್ಲಿ ನೀರು ಹರಿಸುವ, ತಂತ್ರದಿಂದ ಕೊರೆದದ್ದು. ಇರಾನಿನ ಯಜ್ದ್ ನಗರದಲ್ಲಿ ಯುನೆಸ್ಕೊ ಆಶ್ರಯದ ಕನಾತ್ ಕೇಂದ್ರವೇ ಇದೆ, ಆ ದೇಶದ 11 ಕನಾತ್‌ಗಳು 2016ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದವು. ಅಲ್ಲಿಂದ ಬಂದ ತಜ್ಞ ನಿಮಗೆ ಹೇಳಿಕೊಡಬಲ್ಲ ಒಂದು ಬೆಲೆಯುಳ್ಳ ಸಂಗತಿ 'ಹರೀಮ್'. ಕನಾತ್ ಸುತ್ತ ಇಷ್ಟು ದೂರದೊಳಗೆ ಬೇರೆ ಬಾವಿ ತೋಡಕೂಡದೆಂಬ ಹಳೆಯ ಕಟ್ಟಳೆ ಅದು. ಆತನಿಗೆ ಗೊತ್ತಿಲ್ಲದಿರುವುದು ಬೀದರ್‌ನ ನೆಲ: ಮೇಲೆ ಜಂಬಿಟ್ಟಿಗೆ, ಕೆಳಗೆ ಕರಿಗಲ್ಲು, ಎರಡರ ಸಂದಿನಲ್ಲಿ ನೀರು. ಗೊತ್ತಿಲ್ಲದಿರುವ ಇನ್ನೊಂದು, ಸುರಂಗಕ್ಕೆ ಗಾಳಿ ಬಿಡುವ ಗಾಳಿಬಾವಿಗಳ ಮೇಲೆ ಹಬ್ಬುವ ಲೇಔಟು. ಹರೀಮ್ ಎಂಬ ಮಾತನ್ನು ಯೋಜನೆ ಮಾಡಬೇಕೆಂದರೆ ಗಾಳಿಬಾವಿಗಳ ಸರ್ವೆ ನಂಬರ್ ಗುರುತಿಸಿ, ಬಡಾವಣೆ ಮಂಜೂರಾತಿಯಲ್ಲಿ ಅದನ್ನು ಷರತ್ತಾಗಿ ಸೇರಿಸಿ, ಕೊಳವೆಬಾವಿಗೆ 2011ರ ಕರ್ನಾಟಕ ಅಂತರ್ಜಲ ಕಾಯ್ದೆಯಡಿ ತಡೆ ಕೇಳಬೇಕು. ಯೋಚನೆ ಯಜ್ದ್‌ನದ್ದು, ಯೋಜನೆ ಪೂರ್ತಿ ಬೀದರ್‌ನ ಕಚೇರಿಗಳದ್ದು. ನಿಮ್ಮ ಇದ್ದಿಲಿನದೂ ಹಾಗೇ ಆಗಬೇಕು.

ಆ ಇಮೇಲ್ ಬಗ್ಗೆ

ಆರನೇ ದಿನಕ್ಕೆ ಆಯ್ಕೆ ಎಂಬುದೇ ಮೊದಲ ಅನುಮಾನ. ನಾಲ್ಕು ಪುಟವನ್ನು ಯಾರಾದರೂ ಓದಿದ್ದರೆ ಮೇಲೆ ಹೇಳಿದ ಇಳುವರಿ ಲೆಕ್ಕದ ಬಗ್ಗೆ ಒಂದಾದರೂ ಪ್ರಶ್ನೆ ಬರುತ್ತಿತ್ತು. ಪರಿಶೀಲಕರ ಟಿಪ್ಪಣಿ ಇಲ್ಲದೆ ಬರೀ ಅಭಿನಂದನೆ ಬಂದಿದ್ದರೆ ಓದಿಲ್ಲ ಅಂತಲೇ ತಿಳಿಯಿರಿ.

ಪರೀಕ್ಷೆಗೆ ದೊಡ್ಡ ವಿದ್ಯೆ ಬೇಡ. ಅದೇ ಸಂಘಟಕರು ಅದೇ ವರ್ಷ ದಂತವೈದ್ಯ, ಮಾರುಕಟ್ಟೆ ಶಾಸ್ತ್ರ, ನ್ಯಾನೊ ತಂತ್ರಜ್ಞಾನ ಎಲ್ಲಕ್ಕೂ ಸಮ್ಮೇಳನ ಮಾಡುತ್ತಿದ್ದಾರೆಯೇ ನೋಡಿ. ಸಲಹಾ ಸಮಿತಿಯಲ್ಲಿ ಹೆಸರಿರುವ ಇಬ್ಬರಿಗೆ ಅವರ ವಿಶ್ವವಿದ್ಯಾಲಯದ ವಿಳಾಸಕ್ಕೆ ಬರೆದು ಕೇಳಿ. ಎಷ್ಟೋ ಸಲ ಅವರಿಗೆ ತಮ್ಮ ಹೆಸರು ಅಲ್ಲಿರುವುದೇ ಗೊತ್ತಿರುವುದಿಲ್ಲ. ಬರದೇ ಪ್ರಮಾಣಪತ್ರ ಮಾತ್ರ ಪಡೆಯುವ ದರ, ಪ್ರಶಸ್ತಿಗೆ ಬೇರೆ ದರ ಇದ್ದರೆ ಅದು ಅಂಗಡಿ. ಸುಸ್ಥಿರ ಅಭಿವೃದ್ಧಿಯ 17 ಗುರಿಗಳ ಬಣ್ಣದ ಚಕ್ರ ಕಂಡು ವಿಶ್ವಸಂಸ್ಥೆಯ ಕಾರ್ಯಕ್ರಮ ಅಂದುಕೊಳ್ಳಬೇಡಿ. ಮಾಹಿತಿ ಹಂಚಲು ಆ ಚಕ್ರವನ್ನು ಯಾರು ಬೇಕಾದರೂ ಬಳಸಬಹುದು. ಆಲಿವ್ ಎಲೆಗಳ ನಡುವೆ ಭೂಪಟ ಇರುವ ವಿಶ್ವಸಂಸ್ಥೆಯ ಲಾಂಛನಕ್ಕೆ ಮಾತ್ರ ಅನುಮತಿ ಬೇಕು.

ಶುಲ್ಕ ಕೇಳಿದ ಮಾತ್ರಕ್ಕೆ ಮೋಸ ಅನ್ನಲಾಗದು, ಒಳ್ಳೆಯ ಸಮ್ಮೇಳನಗಳೂ ಕೇಳುತ್ತವೆ. ಆದರೆ ವಿಶ್ವಬ್ಯಾಂಕಿನ ವರ್ಗೀಕರಣದಲ್ಲಿ ಭಾರತ ಕೆಳ-ಮಧ್ಯಮ ಆದಾಯದ ದೇಶ. ಗಂಭೀರ ಸಂಘಟಕರು ಇಂಥ ದೇಶದವರಿಗೆ ರಿಯಾಯಿತಿ ಇಟ್ಟಿರುತ್ತಾರೆ, ಕೇಳಿದರೆ ನೇರ ಉತ್ತರ ಕೊಡುತ್ತಾರೆ. ಡಾಲರಿಗೆ 85 ರೂಪಾಯಿ ಹಿಡಿದರೂ ಶುಲ್ಕವೇ 38 ಸಾವಿರ. ವಿಮಾನ, ವೀಸಾ, ವಸತಿ ಸೇರಿ ಲಕ್ಷ ದಾಟುತ್ತದೆ. 10 ರೈತರ ಪ್ರಯೋಗದ ದೊಡ್ಡ ಪಾಲು ಆ ಹಣದಲ್ಲೇ ಮುಗಿಯುತ್ತದೆ, ಎರಡು ಹಂಗಾಮಿನ ಅಂಕಿ ಕೈಗೆ ಬರುತ್ತದೆ. ಅಂಕಿ ಇಟ್ಟುಕೊಂಡು ಹೋದವರಿಗೆ ಸಮ್ಮೇಳನದಲ್ಲಿ ಸಿಗುವ ಮರ್ಯಾದೆಯೇ ಬೇರೆ. ಈಗ ಹೋದರೆ ಸಂತೆ ಹೊತ್ತಿಗೆ ಮೂರು ಮೊಳ ನೇಯ್ದಂತೆ.

ಹಣದ ದಾರಿ

ಪ್ರಾಂಶುಪಾಲರ ಮಾತಿನಲ್ಲಿ ನನಗೆ ದಿಗಿಲಾದದ್ದು 'ಟ್ರಸ್ಟ್ ಖಾತೆಗೆ ತರಿಸೋಣ' ಎಂಬುದು. ವಿದೇಶಿ ಮೂಲದ ದೇಣಿಗೆ ಪಡೆಯಲು 2010ರ ವಿದೇಶಿ ವಂತಿಗೆ ಕಾಯ್ದೆ, ಜನ ಹೇಳುವ ಎಫ್‌ಸಿಆರ್‌ಎ, ಅಡಿಯಲ್ಲಿ ನೋಂದಣಿ ಇಲ್ಲವೇ ಪೂರ್ವಾನುಮತಿ ಇರಲೇಬೇಕು. ಇಲ್ಲದೆ ಒಂದು ರೂಪಾಯಿ ಬಂದರೂ ಅಪರಾಧ. ದಾನಿ ರೂಪಾಯಿಯಲ್ಲೇ ಕೊಟ್ಟರೂ ಮೂಲ ವಿದೇಶಿ ಆಗಿದ್ದರೆ ಇದೇ ನಿಯಮ. ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ಆಗಿರಬೇಕು, ಹಿಂದಿನ ಮೂರು ಹಣಕಾಸು ವರ್ಷದಲ್ಲಿ ಉದ್ದೇಶಿತ ಕೆಲಸಕ್ಕೆ 15 ಲಕ್ಷ ಖರ್ಚು ತೋರಿಸಬೇಕು. ಪೂರ್ವಾನುಮತಿಯಾದರೆ ಒಬ್ಬ ನಿರ್ದಿಷ್ಟ ದಾನಿ, ಒಂದು ನಿರ್ದಿಷ್ಟ ಮೊತ್ತ, ದಾನಿಯ ಬದ್ಧತಾ ಪತ್ರ ಸಮೇತ ಅರ್ಜಿ ಹಾಕುವುದು. ನಿಮ್ಮಂಥವರಿಗೆ ಇದೇ ಸರಿಹೊಂದುವುದು. ಎರಡರಲ್ಲೂ ಹಣ ಮೊದಲು ಇಳಿಯುವುದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ ಮಾತ್ರ. ಆಡಳಿತ ಖರ್ಚು ಶೇ 20 ಮೀರಕೂಡದು.

ದೊಡ್ಡ ಸಂಸ್ಥೆಯೊಂದು ಹಣ ತರಿಸಿ ಚಿಕ್ಕವರಿಗೆ ಹಂಚುವ ಹಳೆಯ ರೂಢಿಯ ಬಾಗಿಲು 2020ರ ತಿದ್ದುಪಡಿಯಿಂದ ಮುಚ್ಚಿದೆ. ನೋಂದಣಿ ಇರುವ ಸಂಸ್ಥೆಯೂ ಇನ್ನೊಬ್ಬರಿಗೆ ಆ ಹಣ ವರ್ಗಾಯಿಸುವಂತಿಲ್ಲ. 'ನಮ್ಮ ಖಾತೆಗೆ ಬರಲಿ, ನಿಮಗೆ ಕೊಡುತ್ತೇವೆ' ಎಂದು ಯಾರಾದರೂ ಹೇಳಿದರೆ ಅವರಿಗೂ ನಿಮಗೂ ತೊಂದರೆ. ಆ ಸಂಸ್ಥೆ ತಾನೇ ನಿಮ್ಮ ಊರಿನಲ್ಲಿ ಖರ್ಚು ಮಾಡಿದರೆ ಸರಿ.

ಕೆಲವು ಸಂಗತಿ ಈ ಕಾಯ್ದೆಯ ಹೊರಗಿವೆ. ವಿಶ್ವಸಂಸ್ಥೆ, ಅದರ ವಿಶೇಷ ಸಂಸ್ಥೆಗಳು, ವಿಶ್ವಬ್ಯಾಂಕ್ 'ವಿದೇಶಿ ಮೂಲ' ಅಲ್ಲ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದೂ ಅಲ್ಲ, ಅದೇ ವ್ಯಕ್ತಿ ಬೇರೆ ದೇಶದ ಪೌರತ್ವ ಪಡೆದಿದ್ದರೆ ಹೌದು. ಕಂಪನಿ ತೊಗರಿ ಬೇಳೆ ರಫ್ತು ಮಾಡಿ ಪಡೆದ ಬೆಲೆ ದೇಣಿಗೆಯಲ್ಲ. ನೀವು ಇಲ್ಲೇ ಸಮ್ಮೇಳನ ಮಾಡಿದರೆ ವಿದೇಶಿ ಪ್ರತಿನಿಧಿಗಳು ಕಟ್ಟುವ, ಆ ಸಮ್ಮೇಳನದ ಖರ್ಚಿಗೇ ಬಳಸುವ ನೋಂದಣಿ ಶುಲ್ಕವೂ ದೇಣಿಗೆಯಲ್ಲ. ಅದೇ ಪ್ರತಿನಿಧಿ 'ಪ್ರಾಯೋಜನೆ' ಅಂತ ಮೇಲೊಂದಿಷ್ಟು ಕೊಟ್ಟರೆ ಲೆಕ್ಕ ಬೇರೆಯಾಗುತ್ತದೆ.

ನನ್ನನ್ನು ಕೇಳಿದರೆ, ಮೊದಲ ಎರಡು ವರ್ಷಕ್ಕೆ ನಿಮಗೆ ವಿದೇಶದ ಹಣವೇ ಬೇಡ. ಕಲಬುರಗಿಯಲ್ಲಿ ನಬಾರ್ಡ್‌ನ ಜಿಲ್ಲಾ ಅಭಿವೃದ್ಧಿ ವ್ಯವಸ್ಥಾಪಕರನ್ನು ಕಂಡು ಕೃಷಿ ಪ್ರಯೋಗಗಳಿಗಿರುವ ನಿಧಿ ವಿಚಾರಿಸಿ. ಸೇಡಂ, ಚಿತ್ತಾಪುರ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೆ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ಮೂರು ವರ್ಷದ ಸರಾಸರಿ ಲಾಭದ ಶೇ 2 ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡುವ ಕಡ್ಡಾಯವಿದೆ. ಟ್ರಸ್ಟಿಗೆ ಆದಾಯ ತೆರಿಗೆಯ 12ಎ, 80ಜಿ ಮತ್ತು ಸಾಮಾಜಿಕ ಹೊಣೆಗಾರಿಕೆ (ಸಿಎಸ್‌ಆರ್) ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ಇದ್ದರೆ ಅರ್ಜಿ ಹಾಕಬಹುದು. ಒಂದು ಸೂಕ್ಷ್ಮ: ಒಂದು ದಿನದ ಕಾರ್ಯಕ್ರಮ, ಪ್ರಶಸ್ತಿ, ಪ್ರಾಯೋಜನೆ ಇವೆಲ್ಲ ಸಿಎಸ್‌ಆರ್ ಖರ್ಚಲ್ಲ ಎಂದು 2014ರಲ್ಲೇ ಕೇಂದ್ರ ಸಚಿವಾಲಯ ಹೇಳಿದೆ. ಹಾಗಾಗಿ ಸಮ್ಮೇಳನಕ್ಕೆ ಕೇಳಿದರೆ ಇಲ್ಲ ಅನ್ನುತ್ತಾರೆ, ಪ್ರಯೋಗಕ್ಕೆ ಕೇಳಿದರೆ ಕೂರಿಸಿ ಮಾತಾಡುತ್ತಾರೆ.

ಕಾಲೇಜಿನಲ್ಲೇ ಮಾಡುವುದಾದರೆ

ಪ್ರಾಂಶುಪಾಲರ ಆಸೆ ಕೆಟ್ಟದ್ದೇನಲ್ಲ, ಆಕಾರ ಬದಲಾಗಬೇಕು ಅಷ್ಟೇ. 400 ಕುರ್ಚಿಯ ಸಮ್ಮೇಳನ ಬಿಡಿ, 40 ಮಂದಿಯ ಮೂರು ದಿನದ ಕೂಟ ಮಾಡಿ. ನಾಲ್ಕಾರು ವಿದೇಶಿ ಅತಿಥಿಗಳು ಸಾಕು, ಅವರಲ್ಲೂ ಒಣಬೇಸಾಯದ ಕ್ಷಾರ ಮಣ್ಣಿನಲ್ಲಿ ಕೆಲಸ ಮಾಡಿದವರನ್ನು ಹುಡುಕಿ. ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ 1972ರಿಂದ ಇರುವ ಇಕ್ರಿಸ್ಯಾಟ್ ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯೇ, ತೊಗರಿ ಅದರ ಮುಖ್ಯ ಬೆಳೆಗಳಲ್ಲೊಂದು. ನೆಟೆ ತಡೆದುಕೊಳ್ಳುವ ಮಾರುತಿ ತಳಿ ನಿಮ್ಮ ಹೊಲಗಳಿಗೆ ಬಂದದ್ದೂ ಅಲ್ಲಿನ ತಳಿಸಾಲಿನಿಂದ.

ಮೊದಲ ದಿನ ಪೂರ್ತಿ ಹೊಲದಲ್ಲಿ. ಗುಂಡಿ ಹೊತ್ತಿಸಿ, ಕಟ್ಟಿಗೆ ತೂಗಿ, ಇದ್ದಿಲು ತೂಗಿ, ಅಂಕಿ ಎಲ್ಲರೆದುರು ಬರೆಯಿರಿ. ಉದ್ಘಾಟನೆ ಇಟ್ಟರೆ ಅರ್ಧ ದಿನ ಅದಕ್ಕೇ ಹೋಗುತ್ತದೆ: ಅತಿಥಿ ತಡವಾಗುತ್ತಾರೆ, ಸ್ವಾಗತ, ಪ್ರಾಸ್ತಾವಿಕ, ಸನ್ಮಾನ, ಅಷ್ಟರಲ್ಲಿ ಊಟ. ಇಡಲೇಬೇಕಾದರೆ ಕೊನೆಯ ದಿನ ಸಂಜೆ ಸಮಾರೋಪಕ್ಕೆ ಹೊಂದಿಸಿ. ಎರಡನೇ ದಿನ ಎಂಟೆಂಟು ಜನರ ಐದು ಮೇಜು. ಪ್ರತಿ ಮೇಜಿಗೂ ಒಬ್ಬ ರೈತ, ಕಟಗಿ ಹೊರುವ ಒಬ್ಬ ಹೆಣ್ಣುಮಗಳು, ಪಂಚಾಯಿತಿಯ ಪಿಡಿಒ ಅಥವಾ ಸದಸ್ಯ, ಮಣ್ಣು ಬಲ್ಲವರೊಬ್ಬರು, ಹಣ ಕೊಡುವ ಕಡೆಯವರೊಬ್ಬರು ಇರಲಿ. ಮೇಜಿನ ಭಾಷೆ ಕನ್ನಡ. ಪಕ್ಕದಲ್ಲಿ ಕೂತು ವಿದೇಶಿ ಅತಿಥಿಗೆ ಅನುವಾದಿಸಲು ನಿಮ್ಮ ವಿದ್ಯಾರ್ಥಿಗಳನ್ನು ತಯಾರು ಮಾಡಿ. ಇಂಗ್ಲಿಷ್ ಇಟ್ಟರೆ ರೈತ ಎರಡು ದಿನವೂ ತಲೆಯಾಡಿಸಿ ಮನೆಗೆ ಹೋಗುತ್ತಾನೆ.

ಮೂರನೇ ದಿನ ಪ್ರತಿ ಮೇಜಿನಿಂದ ಒಂದೇ ಹಾಳೆ. ಯಾವ ಊರು, ಯಾವ ಸರ್ವೆ ನಂಬರ್, ಜಮೀನಿನ ಒಡೆಯರ ಒಪ್ಪಿಗೆ ಸಹಿ, ಎಷ್ಟು ಹಣ, ಅದರಲ್ಲಿ ಊರಿನ ಪಾಲೆಷ್ಟು, ಹಣ ನಿಂತ ಮೇಲೆ ನೋಡಿಕೊಳ್ಳುವವರು ಯಾರು, ಯಾವ ಅಂಕಿ ಬರದಿದ್ದರೆ ಯೋಜನೆ ನಿಲ್ಲಿಸುತ್ತೇವೆ. ಕೊನೆಯ ಸಾಲನ್ನು ಬರೆಯಲು ಎಲ್ಲರೂ ಹಿಂಜರಿಯುತ್ತಾರೆ, ಪಟ್ಟು ಹಿಡಿದು ಬರೆಸಿ. ಹಾಳೆಯ ಕೆಳಗೆ 30, 60, 90ನೇ ದಿನದ ಕೆಲಸ ಮತ್ತು ಅದಕ್ಕೆ ಹೊಣೆಯಾದ ಒಬ್ಬರ ಹೆಸರು. 'ಸಮಿತಿ' ಅಂತ ಬರೆದರೆ ಯಾರೂ ಅಲ್ಲ ಅಂತ ಅರ್ಥ. ಐದು ಹಾಳೆಯಲ್ಲಿ ಎರಡು ಉಳಿದರೂ ಕೂಟ ಗೆದ್ದಂತೆ.

ಕಾಲ ನೋಡಿ ಇಡಿ. ತೊಗರಿ ಕಟಾವು ಡಿಸೆಂಬರ್-ಜನವರಿ, ಆಗ ಯಾರೂ ಬರುವುದಿಲ್ಲ. ಫೆಬ್ರುವರಿ ಎರಡನೇ ವಾರ ಸರಿ: ಕಟ್ಟಿಗೆ ಕಣ್ಣೆದುರು ಇರುತ್ತದೆ, ಬಿಸಿಲು ಏರಿರುವುದಿಲ್ಲ. ಆಗ ಬರೆದ ಹಾಳೆ ಜೂನ್ ಬಿತ್ತನೆಗೆ ಹೊಲಕ್ಕೆ ಇಳಿಯುತ್ತದೆ. ಪಂಚಾಯಿತಿಯ ಪಾಲೂ ಬೇಕಿದ್ದರೆ ಅಕ್ಟೋಬರ್ 2ರಿಂದ ಶುರುವಾಗುವ ಗ್ರಾಮ ಪಂಚಾಯಿತಿ ಯೋಜನೆ ತಯಾರಿಗೆ ಮೊದಲು ವಾರ್ಡ್ ಸಭೆಯಲ್ಲಿ ಹೆಸರು ಸೇರಿಸಿ, ಗ್ರಾಮಸಭೆ ನಡಾವಳಿಯ ನಕಲು ಇಟ್ಟುಕೊಳ್ಳಿ.

ವಿದೇಶಿ ಅತಿಥಿಗಳಿಗೆ ಸಮ್ಮೇಳನ ವೀಸಾ ಎಂಬ ಬೇರೆ ಬಗೆಯೇ ಇದೆ. ಅದಕ್ಕೆ ಸಂಘಟಕರ ಆಹ್ವಾನದ ಜೊತೆಗೆ ಗೃಹ ಸಚಿವಾಲಯದ ಕಾರ್ಯಕ್ರಮ ಅನುಮತಿ, ವಿದೇಶಾಂಗ ಸಚಿವಾಲಯದ ರಾಜಕೀಯ ಅನುಮತಿ ಸಾಮಾನ್ಯವಾಗಿ ಕೇಳುತ್ತಾರೆ. ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಿ. ಅವರನ್ನು ಕಾಲೇಜಿನ ಅತಿಥಿಗೃಹದಲ್ಲಿ ಇಳಿಸಿದರೂ ಬಂದ 24 ಗಂಟೆಯೊಳಗೆ ವಿದೇಶಿ ಅತಿಥಿ ತಂಗಿರುವ ವಿವರದ ಫಾರಂ ಸಲ್ಲಿಸುವ ಹೊಣೆ ಇಳಿಸಿದವರದ್ದು. ಇದನ್ನು ಮರೆತು ಪೊಲೀಸ್ ಠಾಣೆ ಅಲೆದ ಕಾಲೇಜುಗಳು ಕಡಿಮೆಯೇನಲ್ಲ.

ಒಡಂಬಡಿಕೆ ಪತ್ರ ಮತ್ತು ಒಂದು ಪೊಟ್ಟಣ

ಒಡಂಬಡಿಕೆ ಪತ್ರದಲ್ಲಿ 'ಪರಸ್ಪರ ಸಹಕರಿಸುವುದು' ಎಂದಷ್ಟೇ ಇದ್ದರೆ ಅದಕ್ಕೆ ಫೋಟೊದ ಬೆಲೆ. ಯಾರು, ಯಾವ ತಾರೀಖಿಗೆ, ಏನು ಕೊಡುತ್ತಾರೆ, ಪ್ರಯೋಗದ ಅಂಕಿ ಯಾರದ್ದು, ಪ್ರಬಂಧ ಬಂದರೆ ಕಂಪನಿಯ ರೈತರ ಹೆಸರು ಎಲ್ಲಿ ಬರುತ್ತದೆ ಎಂಬುದನ್ನು ಒಂದು ಪುಟದ ಅನುಬಂಧ ಮಾಡಿ. ಅನುಬಂಧಕ್ಕೆ ಒಪ್ಪದವರು ಫೋಟೊಗೂ ಬೇಡ.

ಹೊರಡುವಾಗ ಅತಿಥಿ ಗೆಳೆತನಕ್ಕೆಂದು ಒಂದು ಪೊಟ್ಟಣ ಸ್ಥಳೀಯ ತೊಗರಿ ಬೀಜವನ್ನೋ ಸಂಶೋಧನೆಗೆ ಒಂದು ಚೀಲ ಮಣ್ಣನ್ನೋ ಕೇಳಬಹುದು. ಕೊಡಬೇಡಿ. 2002ರ ಜೈವಿಕ ವೈವಿಧ್ಯ ಕಾಯ್ದೆಯಂತೆ ವಿದೇಶಿಯರು ಸಂಶೋಧನೆಗೆ ನಮ್ಮ ಜೈವಿಕ ಸಂಪನ್ಮೂಲ ಪಡೆಯಲು ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕು, ಮಣ್ಣಿನೊಳಗಿನ ಸೂಕ್ಷ್ಮಜೀವಿಯೂ ಅದರಲ್ಲಿ ಸೇರಿದೆ. ನಿಮ್ಮ ಜಿಲ್ಲೆಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ ಎಂಬುದೂ ನೆನಪಿರಲಿ. ಕೆ.ಜಿ.ಗಟ್ಟಲೆ ಬೇಳೆ ಕೊಟ್ಟು ಕಳಿಸಿ, ಅದಕ್ಕೆ ಈ ಕಾಯ್ದೆಯ ತಕರಾರಿಲ್ಲ.

ಇನ್ನು ಆ ಇಮೇಲ್‌ಗೆ ಉತ್ತರ. ಮೂರೇ ಸಾಲು ಬರೆಯಿರಿ: ಪರಿಶೀಲಕರ ಟಿಪ್ಪಣಿ ಕಳಿಸಿ, ಹಿಂದಿನ ಸಮ್ಮೇಳನದಿಂದ ಶುರುವಾಗಿ ಇವತ್ತೂ ನಡೆಯುತ್ತಿರುವ ಎರಡು ಯೋಜನೆಗಳ ಊರು ಮತ್ತು ಸಂಪರ್ಕ ತಿಳಿಸಿ, ಶುಲ್ಕ ವಿನಾಯಿತಿ ಇದೆಯೇ ಹೇಳಿ. ಮೂರಕ್ಕೂ ಉತ್ತರ ಬಂದರೆ, ಆ ಎರಡು ಯೋಜನೆಯವರ ಜೊತೆ ಫೋನಿನಲ್ಲಿ ಮಾತಾಡಿ, ಆನ್‌ಲೈನಿನಲ್ಲಿ ಮಂಡಿಸಲು ಅವಕಾಶ ಕೇಳಿ. 'ಇಂದೇ ಕಟ್ಟಿದರೆ 100 ಡಾಲರ್ ಕಡಿಮೆ' ಎಂಬ ಉತ್ತರ ಬಂದರೆ ಇಮೇಲ್ ಅಳಿಸಿ ಹಾಕಿ, ಆ ವಾರ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಬನ್ನಿ.